ಜೂಡಿ ಗಾರ್ಲೆಂಡ್ ಚಿತ್ರಗಳು: ಯಾವ ಪ್ರತಿ ಕೊಳ್ಳಬೇಕು, ಹೇಗೆ ಕೇಳಬೇಕು

ಹಾಲಿವುಡ್‌ನ ಗಾಯಕಿ-ನಟಿ ಜೂಡಿ ಗಾರ್ಲೆಂಡ್ ಚಿತ್ರಗಳ ಡಿಸ್ಕ್ ಕೊಳ್ಳುವಾಗ ಮೊದಲು ಕಿವಿಯಿಂದ ಪರೀಕ್ಷೆ ಮಾಡಬೇಕು. ಕಣ್ಣಿನ ಸರದಿ ಆಮೇಲೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಹಾಡಿನ ಶ್ರುತಿ ಏರಿಹೋಗಿದ್ದರೆ, ಅಥವಾ ಚರಪರ ಸದ್ದು ತೆಗೆಯುವ ಭರದಲ್ಲಿ ಸಾಲುಗಳ ನಡುವೆ ಆಕೆ ಎಳೆದುಕೊಳ್ಳುವ ಉಸಿರನ್ನೂ ಒರೆಸಿಹಾಕಿದ್ದರೆ, ಆ ಪ್ರತಿಗೆ ಕೊಟ್ಟ ದುಡ್ಡು ದಂಡ. ಈ ಚಿತ್ರಗಳಲ್ಲಿ ಕಥೆ ಎಷ್ಟೋ ಸಲ ತೆಳುವಾಗಿರುತ್ತದೆ. ಅವನ್ನು ಇವತ್ತಿಗೂ ಹೊತ್ತು ನಿಂತಿರುವುದು ಆ ದನಿ.

1936ರಿಂದ 1963ರವರೆಗೆ ಗಾರ್ಲೆಂಡ್ ಮೂವತ್ತಕ್ಕೂ ಹೆಚ್ಚು ಕಥಾಚಿತ್ರಗಳಲ್ಲಿ ಕಾಣಿಸಿಕೊಂಡರು, ಇಲ್ಲವೇ ದನಿ ಕೊಟ್ಟರು. ಬಹುಪಾಲು ಚಿತ್ರಗಳು ಎಂಜಿಎಂ ಎಂಬ ಚಿತ್ರನಿರ್ಮಾಣ ಸಂಸ್ಥೆಯವು. ಹದಿಮೂರನೆಯ ವಯಸ್ಸಿನಲ್ಲಿ, 1935ರಲ್ಲಿ, ಅಲ್ಲಿ ಸೇರಿದವರು 1950ರಲ್ಲಿ ಹೊರಬಂದರು. ಎಂಜಿಎಂನ ಹಳೆಯ ಚಿತ್ರಭಂಡಾರ 1986ರಲ್ಲಿ ಟರ್ನರ್ ಎಂಬ ಮಾಧ್ಯಮ ಸಂಸ್ಥೆಯ ಕೈಸೇರಿತು, 1996ರಲ್ಲಿ ಟರ್ನರ್ ಸಂಸ್ಥೆಯೊಂದಿಗೆ ಟೈಮ್ ವಾರ್ನರ್‌ಗೆ ಬಂತು. 1954ರ 'ಎ ಸ್ಟಾರ್ ಈಸ್ ಬಾರ್ನ್' ಮೊದಲಿನಿಂದಲೂ ವಾರ್ನರ್ ಚಿತ್ರವೇ. ಹೀಗೆ ಆಕೆಯ ಮುಖ್ಯ ಚಿತ್ರಗಳೆಲ್ಲ ಒಂದೇ ಸೂರಿನಡಿ ಇರುವುದು ನೋಡುಗರ ಅದೃಷ್ಟ, ಏಕೆಂದರೆ ಹಳೆಯ ಬಣ್ಣದ ಚಿತ್ರಗಳನ್ನು ಸರಿಪಡಿಸುವ ಕೆಲಸದಲ್ಲಿ ವಾರ್ನರ್ ಸಂಸ್ಥೆಯ ಕೈ ಪಳಗಿದ್ದು.

ಎಲ್ಲಿಂದ ಶುರು ಮಾಡಬೇಕು

ಎಲ್ಲರೂ 'ದಿ ವಿಝಾರ್ಡ್ ಆಫ್ ಓಝ್' ಎನ್ನುತ್ತಾರೆ. ನಮ್ಮ ಸಲಹೆ 1944ರ 'ಮೀಟ್ ಮಿ ಇನ್ ಸೇಂಟ್ ಲೂಯಿಸ್'. ಓಝ್‌ನಲ್ಲಿ ಗಾರ್ಲೆಂಡ್ ಒಬ್ಬರೇ ನಿಂತು ಪೂರ್ತಿಯಾಗಿ ಹಾಡುವುದು ಒಂದೇ ಹಾಡು, ಅದೂ ಚಿತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಉಳಿದದ್ದು ಬಹುತೇಕ ಮೇಳದ ಹಾಡು. ಸೇಂಟ್ ಲೂಯಿಸ್ ಚಿತ್ರದಲ್ಲಿ ಮೂರು ದೊಡ್ಡ ಹಾಡುಗಳಿವೆ, ಮೂರೂ ಬೇರೆ ಬೇರೆ ಮನಸ್ಥಿತಿಯವು. ಆಕೆಯ ದನಿಯಲ್ಲಿ ಏನೇನಿದೆ ಎಂದು ತಿಳಿಯಲು ಇಷ್ಟು ಸಾಕು.

ಕಥೆ 1903-04ರದು. ಸೇಂಟ್ ಲೂಯಿಸ್ ನಗರದಲ್ಲಿ ವಿಶ್ವಮೇಳ ನಡೆಯಲಿದೆ. ಸ್ಮಿತ್ ಕುಟುಂಬದ ಅಪ್ಪನಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿ, ಮನೆ ಬಿಟ್ಟು ಹೋಗಬೇಕಾದ ಸ್ಥಿತಿ ಬರುತ್ತದೆ. ಒಂದೊಂದು ಋತುವಿಗೆ ಒಂದೊಂದು ಅಂಕದಂತೆ 113 ನಿಮಿಷ ನಡೆಯುತ್ತದೆ. ನಿರ್ದೇಶಕ ವಿನ್ಸೆಂಟ್ ಮಿನೆಲಿ. ಹೊಸ ಹಾಡುಗಳು ಹ್ಯೂ ಮಾರ್ಟಿನ್ ಮತ್ತು ರಾಲ್ಫ್ ಬ್ಲೇನ್ ಅವರವು.

ಮೊದಲನೆಯದು 'ದಿ ಬಾಯ್ ನೆಕ್ಸ್ಟ್ ಡೋರ್'. ಕಿಟಕಿಯ ಬಳಿ ಹೆಚ್ಚು ಅಲ್ಲಾಡದೆ, ಪಕ್ಕದ ಮನೆಯ ಹುಡುಗನ ಬಗ್ಗೆ ತನಗೆ ತಾನೇ ಹೇಳಿಕೊಳ್ಳುವಂತೆ ಎಸ್ತರ್, ಅಂದರೆ ಗಾರ್ಲೆಂಡ್ ಪಾತ್ರ, ಹಾಡುತ್ತಾಳೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಎರಡನೆಯದು 'ದಿ ಟ್ರಾಲಿ ಸಾಂಗ್'. ಟ್ರಾಮ್ ತುಂಬ ಜನ, ಓಡುವ ಲಯ, ಹಿಂದೆ ಕೋರಸ್. ಇಷ್ಟರ ನಡುವೆಯೂ ಆಕೆಯ ಒಂದು ಅಕ್ಷರ ಕೂಡ ಮುಳುಗುವುದಿಲ್ಲ. ನಿಮ್ಮ ಟಿವಿಯ ಸ್ಪೀಕರಿನಲ್ಲಿ ಮುಳುಗಿದರೆ ಅದು ಸ್ಪೀಕರಿನ ದೋಷ. ಮೂರನೆಯದು ಕ್ರಿಸ್‌ಮಸ್ ಹಿಂದಿನ ರಾತ್ರಿ, ಮನೆ ಬಿಟ್ಟು ಹೋಗುವ ಸಂಕಟದಲ್ಲಿರುವ ಪುಟ್ಟ ತಂಗಿಗೆ ಹಾಡುವ 'ಹ್ಯಾವ್ ಯುವರ್‌ಸೆಲ್ಫ್ ಎ ಮೆರಿ ಲಿಟ್ಲ್ ಕ್ರಿಸ್‌ಮಸ್'. ಮಾರ್ಟಿನ್ ಮೊದಲು ಬರೆದ ಸಾಹಿತ್ಯ ಇನ್ನೂ ಕತ್ತಲಾಗಿತ್ತು. ಅಷ್ಟು ಸಣ್ಣ ಮಗುವಿನ ಮುಂದೆ ಅದನ್ನು ಹಾಡಿದರೆ ತಾನು ಕ್ರೂರಿಯಂತೆ ಕಾಣುತ್ತೇನೆ ಎಂದು ಗಾರ್ಲೆಂಡ್ ಹಟ ಹಿಡಿದ ಮೇಲೆ ಮಾರ್ಟಿನ್ ತಿದ್ದಿಕೊಟ್ಟರು. ಆ ನಿರ್ಧಾರ ಎಷ್ಟು ಸರಿಯಾಗಿತ್ತು ಎಂಬುದು ದೃಶ್ಯದಲ್ಲೇ ಕಾಣುತ್ತದೆ. ಹಾಡು ಸಮಾಧಾನ ಹೇಳುತ್ತಿರುತ್ತದೆ, ಹಾಡುವವಳ ಮುಖ ಅದನ್ನು ನಂಬುತ್ತಿರುವುದಿಲ್ಲ. ತಂಗಿಯಾಗಿ ನಟಿಸಿದ ಮಾರ್ಗರೆಟ್ ಓ'ಬ್ರಯನ್ ಕೂಡ ಇಲ್ಲಿ ಅಸಾಧಾರಣ.

ಈ ಚಿತ್ರದ ಬ್ಲೂ-ರೇ ಬಂದದ್ದು 2011ರಲ್ಲಿ. ಅದನ್ನು ಕೊಳ್ಳಿ ಎಂದು ಏಕೆ ಹೇಳುತ್ತೇವೆ ಎಂದು ತಿಳಿಯಲು ಆ ಕಾಲದ ಟೆಕ್ನಿಕಲರ್ ಹೇಗೆ ಕೆಲಸ ಮಾಡುತ್ತಿತ್ತು ಎಂದು ಗೊತ್ತಿರಬೇಕು. ಕ್ಯಾಮೆರಾದೊಳಗೆ ಒಂದು ಪಟ್ಟಕ ಬೆಳಕನ್ನು ಸೀಳಿ, ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ದಾಖಲಿಸುತ್ತಿತ್ತು. ಆಮೇಲೆ ಮೂರಕ್ಕೂ ಬಣ್ಣ ಕೊಟ್ಟು ಒಂದರ ಮೇಲೊಂದು ಅಚ್ಚೊತ್ತಿದರೆ ವರ್ಣಚಿತ್ರ. ನೆಗೆಟಿವ್ ಕಪ್ಪು-ಬಿಳುಪಾದ್ದರಿಂದ ಬಣ್ಣ ಮಾಸುವ ಭಯವಿಲ್ಲ. ಆದರೆ ದಶಕಗಳು ಕಳೆದಂತೆ ಮೂರೂ ಸುರುಳಿಗಳು ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಒಂದು ಕೂದಲೆಳೆಯಷ್ಟು ಹೆಚ್ಚು ಕುಗ್ಗಿದರೂ ಅಂಚುಗಳಲ್ಲಿ ಕೆಂಪು ಅಥವಾ ಹಸಿರು ಗೆರೆ ಎದ್ದು, ಇಡೀ ಚಿತ್ರ ಮಸುಕಾಗುತ್ತದೆ. ಹಳೆಯ ಕ್ಯಾಸೆಟ್, ಆರಂಭದ ಡಿವಿಡಿಗಳಲ್ಲಿ ಕಾಣುವ ಮಂಕಿಗೆ ಒಂದು ದೊಡ್ಡ ಕಾರಣ ಇದೇ. ವಾರ್ನರ್ 2000ರ ದಶಕದಲ್ಲಿ ಮೂರೂ ಪಟ್ಟಿಗಳನ್ನು ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಿಂದುವಿಗೆ ಬಿಂದು ಕೂಡಿಸುವ ವಿಧಾನ ತಂದಿತು. ಸೇಂಟ್ ಲೂಯಿಸ್, ಈಸ್ಟರ್ ಪರೇಡ್, ಓಝ್ ಮೂರಕ್ಕೂ ಆ ಚಿಕಿತ್ಸೆ ಆಗಿದೆ.

ಪ್ರತಿ ಸರಿಯಿದೆಯೇ ಎಂದು ನೋಡಲು ಬಿಳಿ ಕಿಟಕಿ ಚೌಕಟ್ಟುಗಳನ್ನೂ ಲೇಸ್ ಕಾಲರ್‌ಗಳನ್ನೂ ಗಮನಿಸಿ. ಅಂಚಿನಲ್ಲಿ ಬಣ್ಣದ ಗೆರೆ ಕಂಡರೆ ಅದು ಹಳೆಯ ಪ್ರತಿ. ಟಿವಿಯ ಪರೀಕ್ಷೆಗೆ ಇದೇ ಚಿತ್ರದಲ್ಲಿ ಒಂದು ಒಳ್ಳೆಯ ಜಾಗ ಇದೆ: ಔತಣ ಮುಗಿದ ಮೇಲೆ ಎಸ್ತರ್ ಮತ್ತು ಆ ಪಕ್ಕದ ಮನೆಯ ಹುಡುಗ ಜಾನ್ ಮನೆಯ ಗ್ಯಾಸ್ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋಗುವ ದೃಶ್ಯ. ದೀಪ ಆರಿದಷ್ಟೂ ನೆರಳು ಮೆಟ್ಟಿಲು ಮೆಟ್ಟಿಲಾಗಿ ಗಾಢವಾಗಬೇಕು, ಗೋಡೆಯ ಕಾಗದದ ವಿನ್ಯಾಸ ಕತ್ತಲಲ್ಲೂ ಮಸುಕಾಗಿ ಉಳಿಯಬೇಕು. ಒಂದೇ ಏಟಿಗೆ ಎಲ್ಲ ಕಪ್ಪಾದರೆ ಬ್ರೈಟ್‌ನೆಸ್ ಒಂದೆರಡು ಅಂಕ ಏರಿಸಿ. ಎಲ್ಲ ಬೂದಿಬಣ್ಣವಾದರೆ ಇಳಿಸಿ.

ಶ್ರುತಿಯ ತೊಂದರೆ

ಇದನ್ನು ಹೆಚ್ಚು ಜನ ಹೇಳುವುದಿಲ್ಲ, ಆದರೆ ಹಾಡುಗಾರ್ತಿಯ ಚಿತ್ರಕ್ಕೆ ಇದೇ ಬಹಳ ಮುಖ್ಯ. ಚಿತ್ರ ತೆಗೆಯುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಬ್ರಿಟನ್ ಮತ್ತು ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳು ಅದನ್ನು 25ರಲ್ಲಿ ಓಡಿಸುತ್ತವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿಗೆ ತಿಳಿಯುತ್ತದೆ: ಎಲ್ಲವೂ ಶೇಕಡಾ 4ರಷ್ಟು ವೇಗವಾಗಿ, ಕರ್ನಾಟಕ ಸಂಗೀತದ ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವ ಅಂತರದ ಮುಕ್ಕಾಲಿಗೆ ತುಸು ಕಡಿಮೆ ಪಾಲು ಶ್ರುತಿ ಏರುತ್ತದೆ. ಗಾರ್ಲೆಂಡ್ ಅವರದು ಎದೆಯಿಂದ ಬರುವ ತುಂಬು ದನಿ, ಅದರ ತೂಕವೇ ಅದರ ಸೊಗಸು. ಶ್ರುತಿ ಏರಿದಾಗ ಆ ತೂಕ ಹೋಗಿ ದನಿ ತೆಳ್ಳಗಾಗಿ ಚುರುಕಾಗಿ ಕೇಳಿಸುತ್ತದೆ. ತಂಬೂರಿ ಕಟ್ಟಿ ಅಭ್ಯಾಸ ಇರುವವರಿಗೆ ಅದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಡಬ್ಬಿಯ ಮೇಲಿನ ಅವಧಿ ನೋಡಿ ಇದನ್ನು ಕಂಡುಹಿಡಿಯಬಹುದು. 113 ನಿಮಿಷದ ಸೇಂಟ್ ಲೂಯಿಸ್ ಪಾಲ್ ಡಿವಿಡಿಯಲ್ಲಿ ಸುಮಾರು 108 ನಿಮಿಷಕ್ಕೆ ಮುಗಿಯುತ್ತದೆ, 102ರ ಓಝ್ 98ಕ್ಕೆ, 176ರ 'ಎ ಸ್ಟಾರ್ ಈಸ್ ಬಾರ್ನ್' 169ಕ್ಕೆ. ಡಬ್ಬಿಯ ಮೇಲೆ ಮೂಲ ಅವಧಿಯನ್ನೇ ಅಚ್ಚುಹಾಕಿರುವುದೂ ಉಂಟು, ಆಗ ಪ್ಲೇಯರಿನ ಗಡಿಯಾರವನ್ನೇ ನಂಬಬೇಕು. ಕೆಲವು ಪಾಲ್ ಡಿವಿಡಿಗಳಲ್ಲಿ ಶ್ರುತಿಯನ್ನು ಮಾತ್ರ ಇಳಿಸಿ ಸರಿಮಾಡಿರುತ್ತಾರೆ, ವೇಗ ಹಾಗೇ ಇರುತ್ತದೆ. 24ರಲ್ಲೇ ಓಡುವ ಬ್ಲೂ-ರೇಗಳಲ್ಲಿ ಈ ತಾಪತ್ರಯವೇ ಇಲ್ಲ. ಡಿವಿಡಿ ಇದ್ದೇ ಇದೆಯಲ್ಲ, ಬ್ಲೂ-ರೇ ಏಕೆ ಎಂದು ಕೇಳುವವರಿಗೆ ಚಿತ್ರದ ಸ್ಪಷ್ಟತೆಗಿಂತ ಮೊದಲು ಕೊಡಬೇಕಾದ ಉತ್ತರ ಇದು. ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಸಿಗುವ ಹಾಡುಗಳಲ್ಲೂ ಇದೇ ದೋಷ ಹೇರಳವಾಗಿ ಸಿಗುತ್ತದೆ.

ಎಂಜಿಎಂನಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದ ದಿನ ಸೆಟ್ಟಿನಲ್ಲಿ ಅದನ್ನು ಹಾಕಿ ತುಟಿ ಹೊಂದಿಸುತ್ತಿದ್ದರು. ನಮ್ಮ ಪ್ಲೇಬ್ಯಾಕ್ ಪದ್ಧತಿಯೇ, ಆದರೆ ತುಟಿಯೂ ದನಿಯೂ ಒಬ್ಬರದೇ. 1974ರ 'ಸಂಪತ್ತಿಗೆ ಸವಾಲ್' ಬಳಿಕ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಮಾತಿನಿಂದ ಹಾಡಿಗೆ ದಾಟುವ ಜಾಗದಲ್ಲಿ ಏನು ಬದಲಾಯಿತು ಎಂದು ಬಲ್ಲ ಕನ್ನಡ ಪ್ರೇಕ್ಷಕರಿಗೆ ಗಾರ್ಲೆಂಡ್ ಅವರ ಹೆಚ್ಚುಗಾರಿಕೆ ಬೇಗ ಹಿಡಿಸುತ್ತದೆ. ಆದರೂ ಒಂದು ವಿಷಯ ಗಮನದಲ್ಲಿರಲಿ. ಮಾತು ದಾಖಲಾದದ್ದು ಸೆಟ್ಟಿನಲ್ಲಿ, ಹಾಡು ದಾಖಲಾದದ್ದು ವಾದ್ಯವೃಂದ ಕೂರುವ ಕೋಣೆಯಲ್ಲಿ. ಹಾಡು ಶುರುವಾದಾಗ ದನಿಯ ಸುತ್ತಲಿನ ಗಾಳಿಯೇ ಬದಲಾದಂತೆ ಅನಿಸುವುದು ಮೂಲ ಚಿತ್ರದಲ್ಲೇ ಇರುವ ಗುಣ, ಡಿಸ್ಕಿನ ದೋಷವಲ್ಲ.

ತುಟಿ ಹೊಂದಿಸುವುದರಲ್ಲಿ ಗಾರ್ಲೆಂಡ್ ಬಹಳ ನಿಖರ. ಆದ್ದರಿಂದ ನಿಮ್ಮ ಮನೆಯಲ್ಲಿ ತುಟಿ ಒಂದು ಕಡೆ, ದನಿ ಒಂದು ಕಡೆ ಆದರೆ ಅದು ಹೆಚ್ಚಾಗಿ ಟಿವಿ ಅಥವಾ ಸೌಂಡ್‌ಬಾರ್ ಮಾಡುವ ವಿಳಂಬ. ಟಿವಿ ಅಥವಾ ಸೌಂಡ್‌ಬಾರಿನ ಮೆನುವಿನಲ್ಲಿ ಲಿಪ್ ಸಿಂಕ್ ಇಲ್ಲವೇ ಆಡಿಯೋ ಡಿಲೇ ಎಂಬ ಆಯ್ಕೆ ಇರುತ್ತದೆ. 10 ಮಿಲಿಸೆಕೆಂಡುಗಳಂತೆ ಬದಲಿಸುತ್ತ, ತುಟಿ ಮುಚ್ಚುವ ಅಕ್ಷರಗಳನ್ನು, ಅಂದರೆ ಪ, ಬ, ಮ ಬರುವ ಜಾಗಗಳನ್ನು ನೋಡಿ ಹೊಂದಿಸಿ.

ಟಿವಿಯಲ್ಲಿ ಬದಲಿಸಬೇಕಾದದ್ದು

ಮೊದಲು ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಆಫ್ ಮಾಡಿ. ಸೋನಿಯಲ್ಲಿ ಅದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ಆಟೋ ಮೋಷನ್ ಪ್ಲಸ್. ಇಲ್ಲದ ಚೌಕಟ್ಟುಗಳನ್ನು ಅದು ನಡುವೆ ತುರುಕುವುದರಿಂದ ನೃತ್ಯ ಜಾರಿದಂತೆ ಕಾಣುತ್ತದೆ, ಹೆಜ್ಜೆಯ ಹೊಡೆತ ತಾಳದ ಮೇಲೆ ಬಿದ್ದದ್ದು ಮಂಕಾಗುತ್ತದೆ. ಪ್ಲೇಯರಿನಲ್ಲಿ 24 ಚೌಕಟ್ಟಿನ ಔಟ್‌ಪುಟ್ ಚಾಲೂ ಮಾಡಿ. ಬಣ್ಣದ ಮೋಡ್ ವಿವಿಡ್ ಬೇಡ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಇರಲಿ.

1950ರವರೆಗಿನ ಆಕೆಯ ಚಿತ್ರಗಳೆಲ್ಲ ಸುಮಾರು 1.37:1 ಅನುಪಾತದವು, ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. 43 ಇಂಚಿನ ಇಂದಿನ ಟಿವಿಯಲ್ಲಿ 53 ಸೆಂಟಿಮೀಟರ್ ಎತ್ತರ, 73 ಸೆಂಟಿಮೀಟರ್ ಅಗಲದ ಚಿತ್ರ ಬಂದು ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯಬೇಕು. ಪರದೆ ತುಂಬಲಿ ಎಂದು ಝೂಮ್ ಮಾಡಿದರೆ ಚಿತ್ರದ ಕಾಲು ಭಾಗ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ, ಕುಣಿಯುವವರ ಪಾದಗಳೇ ಮಾಯ. ಅಗಲಕ್ಕೆ ಎಳೆದರೆ ಎಲ್ಲರೂ ದಪ್ಪ. ಕಪ್ಪು ಪಟ್ಟಿಗೆ ಒಗ್ಗಿಕೊಳ್ಳುವುದೇ ಸರಿ.

ಧ್ವನಿಯ ಮೆನುವಿನಲ್ಲಿ ಮೂಲ ಮೋನೋ, ಅಂದರೆ ಒಂದೇ ಪಟ್ಟಿಯ ಧ್ವನಿ, ಇದ್ದರೆ ಅದನ್ನೇ ಆರಿಸಿಕೊಳ್ಳಿ. ಎಂಜಿಎಂ ಹಾಡುಗಳನ್ನು ಒಂದಕ್ಕಿಂತ ಹೆಚ್ಚು ಮೈಕುಗಳಿಂದ ಬೇರೆ ಬೇರೆ ಪಟ್ಟಿಗಳ ಮೇಲೆ ದಾಖಲಿಸುತ್ತಿತ್ತು. ಅವುಗಳಲ್ಲಿ ಉಳಿದವುಗಳಿಂದ ಈಗ ಸ್ಟೀರಿಯೋ, 5.1 (ಸುತ್ತಲಿನ ಸ್ಪೀಕರುಗಳಿಗೆ ಹಂಚಿದ ಧ್ವನಿ) ಮಾಡಿದ್ದಾರೆ. ಪಿಟೀಲುಗಳು ಹರಡಿಕೊಂಡು ಕೇಳುವುದೇನೋ ಚೆನ್ನ, ಆದರೆ ಮಾತು ನಡುವಿನಿಂದ ಬರುತ್ತಿದ್ದು ಹಾಡು ಬಂದ ಕೂಡಲೇ ಕೋಣೆ ಅಗಲವಾದಂತಾಗಿ ದನಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ದನಿಗಾಗಿ ನೋಡುವವರಿಗೆ ಮೋನೋ ಸಾಕು. ಸೌಂಡ್‌ಬಾರಿನ ಸರೌಂಡ್ ನಾಟಕ ಯಾವುದೂ ಬೇಡ.

ಓಝ್, ಮತ್ತು ಒಬ್ಬ ಸಂಗೀತಗಾರನ ಮೂರು ಹಾಡು

'ದಿ ವಿಝಾರ್ಡ್ ಆಫ್ ಓಝ್' 2019ರ 4ಕೆ ಡಿಸ್ಕ್ ಈ ಇಡೀ ಸಾಲಿನಲ್ಲೇ ಅತ್ಯುತ್ತಮ ಚಿತ್ರಪ್ರತಿ. ಮೂಲ ನೆಗೆಟಿವ್‌ಗಳ 8ಕೆ ಸ್ಕ್ಯಾನಿನಿಂದ ಬಂದದ್ದು. 4ಕೆ ಟಿವಿ ಇಲ್ಲದಿದ್ದರೆ ಬ್ಲೂ-ರೇ ಸಾಕು. ಪ್ರತಿಯ ಪರೀಕ್ಷೆ ಸುಲಭ: ಕಥೆ ಶುರುವಾಗುವ ಕ್ಯಾನ್ಸಾಸ್ ಭಾಗ ಕಂದು ಛಾಯೆಯ ಸೆಪಿಯಾದಲ್ಲಿರಬೇಕು. ಬರೀ ಕಪ್ಪು-ಬಿಳುಪಾಗಿದ್ದರೆ ಅದು ಟಿವಿ ಪ್ರಸಾರದ ಕಾಲದ ಹಳೆಯ ಪ್ರತಿ. ಡೊರೊಥಿ (ಗಾರ್ಲೆಂಡ್ ಪಾತ್ರ) ಬಾಗಿಲು ತೆರೆದು ಬಣ್ಣದ ಲೋಕಕ್ಕೆ ಕಾಲಿಡುವ ಪ್ರಸಿದ್ಧ ಶಾಟ್‌ನಲ್ಲಿ ನಡುವೆ ಕತ್ತರಿ ಇಲ್ಲ. ಮನೆಯ ಒಳಭಾಗಕ್ಕೆ ಕಂದು ಬಣ್ಣ ಬಳಿದು, ಕಂದು ಉಡುಪಿನ ಬದಲಿ ನಟಿಯಿಂದ ಬಾಗಿಲು ತೆರೆಸಿ, ಆಕೆ ಬದಿಗೆ ಸರಿದಾಗ ನೀಲಿ ಚೌಕುಳಿ ಉಡುಪಿನ ಗಾರ್ಲೆಂಡ್ ಮುಂದೆ ಬರುತ್ತಾರೆ. ಹೊಸ ಪ್ರತಿಯಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಕೆಂಪು ಪಾದರಕ್ಷೆಗಳಲ್ಲಿ ಒಂದೊಂದು ಮಿನುಗುಬಿಲ್ಲೆಯೂ ಬೇರೆ ಬೇರೆ ಕಾಣಬೇಕು. ಒಂದೇ ಕೆಂಪು ಮುದ್ದೆಯಾದರೆ ಟಿವಿಯಲ್ಲಿ ಬಣ್ಣ ಹೆಚ್ಚಾಗಿದೆ ಎಂದರ್ಥ.

2025ರಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣದಲ್ಲಿ ಈ ಚಿತ್ರದ ಚೌಕಟ್ಟನ್ನು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿ, ಸುಮಾರು 75 ನಿಮಿಷಕ್ಕೆ ಕತ್ತರಿಸಿ ತೋರಿಸತೊಡಗಿದರು. ಅಮೆರಿಕದಲ್ಲಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಹೋಗಲಿ, ಆದರೆ ಅದಕ್ಕೆ ಮೊದಲು ಮನೆಯಲ್ಲಿ ಪೂರ್ತಿ ಚಿತ್ರ ತೋರಿಸಿರಲಿ.

'ಓವರ್ ದಿ ರೇನ್‌ಬೋ' ಹಾಡಿನ ಮೊದಲ ಪದದಲ್ಲೇ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಒಂದೇ ನೆಗೆತ ಇದೆ. ಹದಿನಾರರ ಹುಡುಗಿ ಅದನ್ನು ಜಗ್ಗದೆ, ಕಿರುಚದೆ, ನಿಟ್ಟುಸಿರಿನಷ್ಟು ಸಲೀಸಾಗಿ ಹತ್ತುತ್ತಾಳೆ. ಚಿತ್ರದ ಓಟ ನಿಲ್ಲುತ್ತದೆ ಎಂದು ಈ ಹಾಡನ್ನೇ ಕತ್ತರಿಸಲು ಹೊರಟಿದ್ದರು ಎಂಬುದನ್ನು ಇವತ್ತು ನಂಬುವುದು ಕಷ್ಟ. ಹಾಡಿನ ಸಂಗೀತ ಹೆರಾಲ್ಡ್ ಆರ್ಲೆನ್ ಅವರದು. ಗಾರ್ಲೆಂಡ್ ಅವರ ದನಿ ಬೆಳೆದ ಬಗೆಯನ್ನು ತಿಳಿಯಲು ಆರ್ಲೆನ್ ಅವರ ಮೂರು ಹಾಡುಗಳೇ ಸಾಕು: 1939ರ ಇದು, 1950ರ 'ಸಮ್ಮರ್ ಸ್ಟಾಕ್' ಚಿತ್ರದ 'ಗೆಟ್ ಹ್ಯಾಪಿ', 1954ರ 'ಎ ಸ್ಟಾರ್ ಈಸ್ ಬಾರ್ನ್' ಚಿತ್ರದ 'ದಿ ಮ್ಯಾನ್ ದಟ್ ಗಾಟ್ ಅವೇ'. ಸಂಜೆ ಕೂತು ಈ ಮೂರನ್ನೂ ಒಂದರ ಹಿಂದೊಂದು ಕೇಳಿ. ಮೊದಲನೆಯದರಲ್ಲಿ ದನಿ ಕೇಳಿಕೊಳ್ಳುತ್ತದೆ, ಎರಡನೆಯದರಲ್ಲಿ ಅಪ್ಪಣೆ ಮಾಡುತ್ತದೆ, ಮೂರನೆಯದರಲ್ಲಿ ತನ್ನ ಬಿರುಕನ್ನು ಮುಚ್ಚಿಡದೆ ಹಾಡುತ್ತದೆ.

'ಸಮ್ಮರ್ ಸ್ಟಾಕ್' ಎಂಜಿಎಂನಲ್ಲಿ ಆಕೆಯ ಕೊನೆಯ ಚಿತ್ರ. ಕಥೆ ಸಾಧಾರಣ, ಹೊಲಮನೆಗೆ ನಾಟಕದವರು ಬಂದು ಬೀಡುಬಿಡುವುದು. 'ಗೆಟ್ ಹ್ಯಾಪಿ'ಯನ್ನು ಉಳಿದ ಚಿತ್ರೀಕರಣ ಮುಗಿದು ಕೆಲವು ವಾರಗಳ ಮೇಲೆ ಸೇರಿಸಿದ್ದು, ಅಷ್ಟರಲ್ಲಿ ಗಾರ್ಲೆಂಡ್ ಸಾಕಷ್ಟು ತೆಳ್ಳಗಾಗಿದ್ದರು. ಹಾಡು ಬಂದಾಗ ಬೇರೆ ಚಿತ್ರದ ತುಣುಕು ಸೇರಿಕೊಂಡಿತೇ ಎಂದು ಗಾಬರಿಯಾಗಬೇಡಿ. ನಾಯಕನಾದ ನರ್ತಕ-ನಟ ಜೀನ್ ಕೆಲಿ ಖಾಲಿ ವೇದಿಕೆಯಲ್ಲಿ ವೃತ್ತಪತ್ರಿಕೆಯ ಹಾಳೆ ಮತ್ತು ಕಿರುಗುಟ್ಟುವ ಹಲಗೆಯೊಂದಿಗೆ ಕುಣಿಯುವುದು ಇದೇ ಚಿತ್ರದಲ್ಲಿ. ಅದಕ್ಕಾಗಿಯೂ ಕೊಳ್ಳಬಹುದು.

'ಈಸ್ಟರ್ ಪರೇಡ್' 1948ರದು, ಬ್ಲೂ-ರೇ 2013ರದು. ಮನೆಮಂದಿಯೆಲ್ಲ ಕೂತು ನೋಡಲು ಇದಕ್ಕಿಂತ ಸಂತೋಷದ ಚಿತ್ರ ಈ ಸಾಲಿನಲ್ಲಿಲ್ಲ. ನಾಯಕನಾಗಬೇಕಿದ್ದ ಕೆಲಿಯ ಕಾಲು ಮುರಿದು, ನಿವೃತ್ತರಾಗಿದ್ದ ನರ್ತಕ-ನಟ ಫ್ರೆಡ್ ಅಸ್ಟೇರ್ ಆ ಪಾತ್ರಕ್ಕೆ ಬಂದರು. ಹಾಡುಗಳು ಇರ್ವಿಂಗ್ ಬರ್ಲಿನ್ ಅವರವು. ಹರಿದ ಉಡುಪಿನ ಅಲೆಮಾರಿಗಳಾಗಿ ಇಬ್ಬರೂ ಹಾಡುವ 'ಎ ಕಪಲ್ ಆಫ್ ಸ್ವೆಲ್ಸ್' ಎಲ್ಲರಿಗೂ ಇಷ್ಟವಾಗುತ್ತದೆ. ನಮ್ಮ ಮೆಚ್ಚುಗೆ 'ಬೆಟರ್ ಲಕ್ ನೆಕ್ಸ್ಟ್ ಟೈಮ್'ಗೆ, ಬಾರಿನವನ ಮುಂದೆ ಕೂತು ಹಾಡುವ ಸಣ್ಣ ಹಾಡು. ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. ಹೆಚ್ಚುವರಿ ವಿಭಾಗದಲ್ಲಿ, ಚಿತ್ರದಿಂದ ಕೈಬಿಟ್ಟ 'ಮಿಸ್ಟರ್ ಮೊನಾಟನಿ' ಹಾಡಿನ ಹಸಿ ಚಿತ್ರಿಕೆಗಳಿವೆ. ಅದರಲ್ಲಿ ತೊಟ್ಟ ಕಪ್ಪು ಕೋಟಿನ ವೇಷವೇ ಎರಡು ವರ್ಷದ ಮೇಲೆ 'ಗೆಟ್ ಹ್ಯಾಪಿ'ಯಲ್ಲಿ ಮತ್ತೆ ಬಂದದ್ದು.

ಕೊನೆಗೆ ನೋಡಬೇಕಾದ ದೊಡ್ಡ ಚಿತ್ರ

'ಎ ಸ್ಟಾರ್ ಈಸ್ ಬಾರ್ನ್' ಹೆಸರಿನಲ್ಲಿ 1937, 1954, 1976, 2018ರ ನಾಲ್ಕು ಹಾಲಿವುಡ್ ಚಿತ್ರಗಳಿವೆ. ಕೊಳ್ಳುವಾಗ, ಬಾಡಿಗೆಗೆ ಪಡೆಯುವಾಗ ವರ್ಷ ನೋಡಿ. ಆಮೇಲೆ ಅವಧಿ ನೋಡಿ. ಜಾರ್ಜ್ ಕ್ಯೂಕರ್ ನಿರ್ದೇಶಿಸಿದ 1954ರ ಚಿತ್ರ ಮೊದಲ ಪ್ರದರ್ಶನದಲ್ಲಿ ಮೂರು ಗಂಟೆಗೂ ತುಸು ಹೆಚ್ಚೇ ಇತ್ತು. ದಿನಕ್ಕೆ ಇನ್ನೊಂದು ಆಟ ಹಾಕಲು ಅನುಕೂಲವಾಗಲಿ ಎಂದು ಸಂಸ್ಥೆ ಅದನ್ನು 154 ನಿಮಿಷಕ್ಕೆ ಕತ್ತರಿಸಿತು, ಕತ್ತರಿಸಿದ ಭಾಗಗಳನ್ನು ಉಳಿಸಿಕೊಳ್ಳಲಿಲ್ಲ. 1983ರಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ಪೂರ್ತಿ ಧ್ವನಿಪಟ್ಟಿಯನ್ನೂ ಎರಡು ಹಾಡುಗಳ ದೃಶ್ಯವನ್ನೂ ಹುಡುಕಿ ತೆಗೆದು, ದೃಶ್ಯ ಸಿಗದ ಕಡೆ ಸ್ಥಿರಚಿತ್ರಗಳನ್ನು ಜೋಡಿಸಿ 176 ನಿಮಿಷದ ರೂಪ ಕೊಟ್ಟರು. 2010ರ ಬ್ಲೂ-ರೇ ಅದೇ. 154 ನಿಮಿಷದ ಪ್ರತಿ ಬೇಡ. ನಾಯಕಿಯ ಏಳಿಗೆಯ ಮೆಟ್ಟಿಲುಗಳೇ ಅದರಲ್ಲಿ ಇಲ್ಲ.

ಮೊದಲರ್ಧದಲ್ಲಿ, ನಾಯಕ ನಾರ್ಮನ್ ಮೇನ್ (ಜೇಮ್ಸ್ ಮೇಸನ್) ಹೊರಾಂಗಣ ಚಿತ್ರೀಕರಣಕ್ಕೆ ಹೋಗಿ ನಾಯಕಿ ಎಸ್ತರ್ (ಇಲ್ಲೂ ಗಾರ್ಲೆಂಡ್ ಪಾತ್ರಕ್ಕೆ ಅದೇ ಹೆಸರು) ಒಬ್ಬಳೇ ಉಳಿಯುವ ಭಾಗದಲ್ಲಿ, ಚಿತ್ರ ನಿಂತು ಕಂದು ಬಣ್ಣದ ಸ್ಥಿರಚಿತ್ರಗಳ ಮೇಲೆ ಮಾತು ಮಾತ್ರ ಕೇಳುತ್ತದೆ. ಡಿಸ್ಕ್ ಸಿಕ್ಕಿಹಾಕಿಕೊಂಡಿತೆಂದು ತಿಳಿದು ಹೊರಗೆ ತೆಗೆದು ಒರೆಸುವವರಿದ್ದಾರೆ. ಅದು ಹೇವರ್ ಅವರ ಜೋಡಣೆ. ಐದು ನಿಮಿಷ ತಾಳ್ಮೆಯಿಂದ ಕೇಳಿ.

ಇದು ಸಿನಿಮಾಸ್ಕೋಪ್, 2.55:1. ಅದೇ 43 ಇಂಚಿನ ಟಿವಿಯಲ್ಲಿ ಚಿತ್ರದ ಎತ್ತರ ಬರೀ 37 ಸೆಂಟಿಮೀಟರ್. ಹಿಂದಿನ ಚಿತ್ರಗಳನ್ನು ನೋಡಿದ ದೂರದಿಂದ ಒಂದೆರಡು ಅಡಿ ಹತ್ತಿರ ಕುರ್ಚಿ ಎಳೆದುಕೊಂಡರೆ ಮುಖಗಳು ಸಿಗುತ್ತವೆ. ಧ್ವನಿಯ ವಿಷಯದಲ್ಲೂ ಮೇಲಿನ ಮಾತಿಗೆ ಇದು ಹೊರತು: ಮೂಲದಲ್ಲೇ ನಾಲ್ಕು ಪಟ್ಟಿಯ ಸ್ಟೀರಿಯೋ ಇತ್ತು, ಆದ್ದರಿಂದ ಇಲ್ಲಿ 5.1 ಆರಿಸಿ. ದನಿ ಪರದೆಯ ಉದ್ದಕ್ಕೂ ನಟರ ಜೊತೆ ಚಲಿಸುತ್ತದೆ.

'ದಿ ಮ್ಯಾನ್ ದಟ್ ಗಾಟ್ ಅವೇ' ಹಾಡಿಗಾಗಿಯೇ ಈ ಡಿಸ್ಕ್ ಕೊಳ್ಳಬಹುದು. ನಡುರಾತ್ರಿ ಕಳೆದ ಮೇಲೆ, ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟ ಹೋಟೆಲಿನಲ್ಲಿ, ಕೆಲವೇ ವಾದ್ಯಗಾರರ ನಡುವೆ ಓಡಾಡುತ್ತ ಆಕೆ ಹಾಡುತ್ತಾರೆ. ಕ್ಯಾಮೆರಾ ಎಲ್ಲೂ ಕತ್ತರಿಸದೆ ಹಿಂಬಾಲಿಸುತ್ತದೆ. ಮಾತಿನಷ್ಟು ತಗ್ಗಿನಿಂದ ಎದ್ದ ದನಿ ಆ ಸಣ್ಣ ಕೋಣೆಗೆ ಹಿಡಿಸದಷ್ಟು ದೊಡ್ಡದಾಗಿ, ಮತ್ತೆ ತಗ್ಗಿ ಮುಗಿಯುತ್ತದೆ. ಇಷ್ಟು ಏರಿಳಿತ ಹಾಗೇ ಕೇಳಿಸಲು ಟಿವಿಯ ನೈಟ್ ಮೋಡ್, ಆಟೋ ವಾಲ್ಯೂಮ್ ಆಫ್ ಮಾಡಿರಬೇಕು. ಅವು ಸಣ್ಣ ದನಿಯನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡಿಬಿಡುತ್ತವೆ, ಹಾಡು ಅಲ್ಲಿಗೆ ಸತ್ತಂತೆ. ಈ ದೃಶ್ಯವನ್ನು ಹಲವು ಸಲ, ಬೇರೆ ಬೇರೆ ಉಡುಪಿನಲ್ಲಿ ತೆಗೆದಿದ್ದರು. ಡಿಸ್ಕಿನ ಹೆಚ್ಚುವರಿ ವಿಭಾಗದಲ್ಲಿ ಅವನ್ನೂ ಕೊಟ್ಟಿದ್ದಾರೆ. ಧ್ವನಿಮುದ್ರಣ ಒಂದೇ ಇದ್ದರೂ ಬೆಳಕು, ನಿಲುವು ಬದಲಾದಾಗ ಹಾಡಿನ ಅರ್ಥವೇ ಎಷ್ಟು ಬದಲಾಗುತ್ತದೆ ಎಂದು ನೋಡಲು ಇಂಥ ಅವಕಾಶ ಅಪರೂಪ.

ಕುಂದೂ ಇದೆ. ಕ್ಯೂಕರ್ ಕೆಲಸ ಮುಗಿಸಿ ಹೋದ ಮೇಲೆ ಸೇರಿಸಿದ 'ಬಾರ್ನ್ ಇನ್ ಎ ಟ್ರಂಕ್' ಕಾಲು ಗಂಟೆ ಹಿಡಿಯುತ್ತದೆ. ಹಾಡುಗಾರಿಕೆ ಅದ್ಭುತ, ಆದರೆ ಕಥೆ ಅಲ್ಲಿ ಕುಸಿದು ಕೂರುತ್ತದೆ. ಒಂದೇ ಸಲಕ್ಕೆ ಮೂರು ಗಂಟೆ ಕೂರಲಾಗದವರು ಆ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಬಹುದು. ನಾರ್ಮನ್ ಮೇನ್‌ನ ಪತನದ ಕಥೆ ನಿಜವಾಗಿ ಕಟ್ಟಿಕೊಳ್ಳುವುದು ಅಲ್ಲಿಂದ ಮುಂದೆ.

ಉಳಿದವು

1945ರ 'ದಿ ಕ್ಲಾಕ್'ನಲ್ಲಿ ಆಕೆ ಹಾಡುವುದೇ ಇಲ್ಲ. ಎರಡು ದಿನದ ರಜೆಯಲ್ಲಿ ನ್ಯೂಯಾರ್ಕಿಗೆ ಬಂದ ಸೈನಿಕ ಮತ್ತು ಕಚೇರಿಯಲ್ಲಿ ದುಡಿಯುವ ಹುಡುಗಿಯ ಕಥೆ. ಹಾಡಿನಲ್ಲಿ ಕಂಡ ನಟನೆ ಹಾಡಿಲ್ಲದೆಯೂ ನಿಲ್ಲುತ್ತದೆಯೇ ಎಂದು ತಿಳಿಯಬೇಕಿದ್ದರೆ ನೋಡಿ, ನಿಲ್ಲುತ್ತದೆ. 'ದಿ ಹಾರ್ವೆ ಗರ್ಲ್ಸ್' ರೈಲಿನ ಹಾಡಿಗಾಗಿ. 'ದಿ ಪೈರೇಟ್' ಬಣ್ಣಕ್ಕಾಗಿ ಮತ್ತು ನಿಕೊಲಸ್ ಸಹೋದರರ ನೃತ್ಯಕ್ಕಾಗಿ, ಆದರೆ ಮೊದಲು ನೋಡುವ ಮೂರರಲ್ಲಿ ಬೇಡ. ಮಿಕಿ ರೂನಿ ಜೊತೆಗಿನವುಗಳಲ್ಲಿ 1943ರ 'ಗರ್ಲ್ ಕ್ರೇಜಿ' ಒಂದೇ ಸಾಕು, ಗರ್ಶ್‌ವಿನ್ ಸಹೋದರರ ಹಾಡುಗಳಿವೆ, 'ಬಟ್ ನಾಟ್ ಫಾರ್ ಮಿ' ತಪ್ಪಿಸಬೇಡಿ. 'ಬೇಬ್ಸ್ ಇನ್ ಆರ್ಮ್ಸ್', 'ಬೇಬ್ಸ್ ಆನ್ ಬ್ರಾಡ್ವೇ', 'ಎವ್ರಿಬಡಿ ಸಿಂಗ್' ಚಿತ್ರಗಳಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಹಾಡುಗಳಿವೆ. ನೋಡಲು ನೋವಾಗುತ್ತದೆ. ಮಕ್ಕಳ ಜೊತೆ ನೋಡುವವರು ಮೊದಲೇ ತಿಳಿದಿರಬೇಕು.

1961ರ 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್'ನ ಸಣ್ಣ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದಿತ್ತು. 1963ರ 'ಐ ಕುಡ್ ಗೋ ಆನ್ ಸಿಂಗಿಂಗ್' ಕೊನೆಯ ಚಿತ್ರ. ಲಂಡನ್ ಪಲೇಡಿಯಂ ವೇದಿಕೆಯ ಹಾಡುಗಳಲ್ಲಿ ಆಗಿನ ದನಿ ಹೇಗಿತ್ತೋ ಹಾಗೇ ಇದೆ. 2019ರ 'ಜೂಡಿ' ಆಕೆಯ ಬದುಕಿನ ಬಗ್ಗೆ ಬಂದ ಚಿತ್ರ. ಅದರಲ್ಲಿ ಹಾಡಿರುವುದು ರೆನೆ ಝೆಲ್ವೆಗರ್. ಗಾರ್ಲೆಂಡ್ ದನಿ ಹುಡುಕಿಕೊಂಡು ಅದನ್ನು ಕೊಳ್ಳಬೇಡಿ.

1946ರ 'ಟಿಲ್ ದ ಕ್ಲೌಡ್ಸ್ ರೋಲ್ ಬೈ' ಹಕ್ಕು ನವೀಕರಿಸದೆ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದ್ದರಿಂದ ಯಾರು ಬೇಕಾದರೂ ಅದರ ಅಗ್ಗದ ಡಿವಿಡಿ ಮಾಡಿದ್ದಾರೆ. ಬಣ್ಣ ಮಾಸಿ, ಧ್ವನಿ ಬಿರಿದ ಪ್ರತಿಗಳೇ ಹೆಚ್ಚು. ವಾರ್ನರ್ ಪ್ರತಿ ಮಾತ್ರ ತೆಗೆದುಕೊಳ್ಳಿ. ತೊಳೆಯಬೇಕಾದ ತಟ್ಟೆಗಳ ರಾಶಿಯ ಹಿಂದೆ ನಿಂತು ಆಕೆ ಹಾಡುವ ದೃಶ್ಯ ಅದರಲ್ಲಿದೆ. ಮಗಳು ಲೈಝಾ ಹೊಟ್ಟೆಯಲ್ಲಿದ್ದದ್ದು ಕಾಣದಿರಲಿ ಎಂದು ತಟ್ಟೆಗಳನ್ನು ಅಷ್ಟೆತ್ತರ ಪೇರಿಸಿದ್ದರು.

ಕೊಳ್ಳುವ ಮುನ್ನ

ಡಿಸ್ಕುಗಳಿಗೆ ರೀಜನ್ ಎಂಬ ಪ್ರದೇಶವಾರು ಬೀಗ ಇರುತ್ತದೆ. ಡಿವಿಡಿಯಲ್ಲಿ ಅಮೆರಿಕ ರೀಜನ್ 1, ಭಾರತ ರೀಜನ್ 5. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಅಲ್ಲಿನ ಡಿವಿಡಿ ಓಡದೆ ಹೋಗಬಹುದು. ಬ್ಲೂ-ರೇಯಲ್ಲಿ ಅಮೆರಿಕ ಎ, ಭಾರತ ಸಿ. ವಾರ್ನರ್ ಬ್ಲೂ-ರೇಗಳಲ್ಲಿ ಬಹುಪಾಲು ಯಾವ ಬೀಗವೂ ಇಲ್ಲದೆ ಎಲ್ಲ ಕಡೆ ಓಡುತ್ತವೆ, ಆದರೂ ಡಬ್ಬಿಯ ಹಿಂಭಾಗದ ರೀಜನ್ ಗುರುತು ನೋಡಿ ಖಚಿತ ಮಾಡಿಕೊಳ್ಳಿ. 4ಕೆ ಡಿಸ್ಕಿಗೆ ರೀಜನ್ ಎಂಬುದೇ ಇಲ್ಲ. ವಾರ್ನರ್ ಆರ್ಕೈವ್ ಹೆಸರಿನಲ್ಲಿ ಬಂದ ಹಳೆಯ ಡಿವಿಡಿಗಳಲ್ಲಿ ಹಲವು ಬೇಡಿಕೆ ಬಂದಾಗ ಬರ್ನ್ ಮಾಡಿ ಕೊಟ್ಟವು, ಕೆಳಮೈ ನೇರಳೆ ಬಣ್ಣ. ಕೆಲವು ಪ್ಲೇಯರುಗಳು ಅವನ್ನು ಓದುವುದಿಲ್ಲ. ಅದೇ ಆರ್ಕೈವ್‌ನ ಬ್ಲೂ-ರೇಗಳು ಅಚ್ಚೊತ್ತಿದವು, ಆ ಚಿಂತೆ ಬೇಡ. ಹೊರದೇಶದಿಂದ ತರಿಸುವಾಗ ಅಂಚೆವೆಚ್ಚವೂ ಸುಂಕವೂ ಡಿಸ್ಕಿನ ಬೆಲೆಯನ್ನು ಮೀರಬಹುದು, ಒಂದೊಂದಾಗಿ ತರಿಸುವುದಕ್ಕಿಂತ ನಾಲ್ಕೈದು ಒಟ್ಟಿಗೆ ಲೇಸು. ಅಮೆರಿಕದಲ್ಲಿರುವವರು ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ. ಅಲ್ಲಿನ ಬಹಳಷ್ಟು ಗ್ರಂಥಾಲಯಗಳು ಡಿಸ್ಕುಗಳನ್ನೂ ಎರವಲು ಕೊಡುತ್ತವೆ.

ಕನ್ನಡ ಸಬ್‌ಟೈಟಲ್ ಯಾವುದರಲ್ಲೂ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ಮೊದಲ ಸಲ ನೋಡಿ, 1940ರ ಅಮೆರಿಕದ ಆಡುಮಾತು ವೇಗವಾಗಿ ಹೋಗುತ್ತದೆ. ಹಾಡು ಬಂದಾಗ ಅದನ್ನು ತೆಗೆದುಬಿಡಿ, ಆಕೆಯ ಉಚ್ಚಾರ ಅಷ್ಟು ಸ್ಪಷ್ಟ.

ಎಲ್ಲ ಮುಗಿದ ಮೇಲೆ ಇನ್ನೂ ಬೇಕೆನಿಸಿದವರು 1950ರ 'ಆನಿ ಗೆಟ್ ಯುವರ್ ಗನ್' ಡಿಸ್ಕ್ ಹುಡುಕಬೇಕು. ಚಿತ್ರದಲ್ಲಿರುವವರು ಬೆಟಿ ಹಟನ್. ಆದರೆ ಮೊದಲು ಆ ಪಾತ್ರ ಗಾರ್ಲೆಂಡ್ ಅವರದಾಗಿತ್ತು, ಆರೋಗ್ಯ ಕೆಟ್ಟು ಪಾತ್ರ ಕೈತಪ್ಪುವ ಮೊದಲು ಎರಡು ಹಾಡುಗಳ ಚಿತ್ರೀಕರಣ ಆಗಿತ್ತು. ಎರಡೂ ಹೆಚ್ಚುವರಿ ವಿಭಾಗದಲ್ಲಿ ಸಿಗುತ್ತವೆ.